ತಡವಾಗಿ ಬೀಳುವ ನಾಲ್ಕನೇ ಪೆಟ್ಟು

ಸದ್ದು ಇದೆ, ಸದ್ಯ, ಇನ್ನೂ ಇದೆ — ಕಣ್ಣು ಬಿಡುವ ಮೊದಲೇ ಅವಳ ಕಿವಿ ಅದನ್ನು ಹುಡುಕಿಕೊಂಡಿತ್ತು, ಗೋಡೆಯಾಚೆ ಗಂಡನ ಕೋಣೆಯಲ್ಲಿ, ಸದ್ದು ಹಿಡಿದಿಟ್ಟು ತಾಳ ನುಡಿಸುವ ಆ ಹಳೆಯ ಸ್ಯಾಂಪ್ಲರ್ ಯಂತ್ರದ ಹೊಟ್ಟೆಯೊಳಗೆ ತಿರುಗುವ ಪುಟ್ಟ ಫ್ಯಾನು, ಅದು ತಿರುಗುತ್ತಿದೆ ಎಂದರೆ ಯಂತ್ರ ಆರಿಲ್ಲ, ಆರಿಲ್ಲ ಎಂದರೆ ಕೊನೆಯ ಬೆಳಿಗ್ಗೆ ಅವನು ನುಡಿಸಿದ ತಾಳ ಹಾಗೇ ಇದೆ. ಬಂದ ನೆಂಟರೆಲ್ಲ ನಿನ್ನೆ ಹೊರಟುಹೋದರು, ಬಾಡಿಗೆ ಕುರ್ಚಿಗಳೂ ಹೋದವು, ಇವತ್ತು ಹಾಲಿನವನು ಎಂದಿನಂತೆ ಬಾಗಿಲು ತಟ್ಟಿದ, ಅತ್ತೆ ಎಂದಿನಂತೆ ಎರಡು ಪ್ಯಾಕೆಟ್ ತೆಗೆದುಕೊಂಡರು, ಸ್ವಲ್ಪ ಹೊತ್ತು ನಿಂತು ಒಂದನ್ನು ವಾಪಸು ಕೊಟ್ಟರು. ಐದೇ ನಿಮಿಷ ಕಣೇ, ಹೀಗೆ ಹೋಗಿ ಹಾಗೆ ಬಂದೆ, ಅದನ್ನೊಂದು ಆರಿಸಬೇಡ — ಚಪ್ಪಲಿ ಮೆಟ್ಟುತ್ತಾ ಅವನು ಹೇಳಿದ್ದು, ಆರಿಸಿದರೆ ಎಲ್ಲ ಬರಿದಾಗುತ್ತದೆ, ಅದಕ್ಕೆ ಕರೆಂಟು ಇರುವಷ್ಟು ಹೊತ್ತೇ ನೆನಪು, ಉಳಿಸಿಡಲು ಡಿಸ್ಕು ನುಂಗುವ ಬಾಯಿ ಕೆಟ್ಟು ವರ್ಷಗಳಾಗಿವೆ. ಹಳೆಯದರಿಂದ ಒಂದೊಂದೇ ಸದ್ದನ್ನು ಕಂಪ್ಯೂಟರಿಗೆ ಸಾಗಿಸುತ್ತಿದ್ದ, ಮನೆ ಬದಲಾಯಿಸುವವನ ಹಾಗೆ, ಹೊಸ ಕಂಟ್ರೋಲರ್ ಕೊಂಡಿದ್ದ, ತಟ್ಟೆಯಷ್ಟು ತೆಳ್ಳಗೆ, ಬಣ್ಣದ ದೀಪ ಹೊತ್ತುವ ಹದಿನಾರು ಪ್ಯಾಡು, ಇದರೊಳಗೆ ಏನೂ ಇಲ್ಲ ಗೊತ್ತಾ, ಎಲ್ಲ ಕಂಪ್ಯೂಟರಲ್ಲೇ, ಇದು ಬರೀ ಬೆರಳಿಡೋ ಜಾಗ. ಕೊನೆಯ ತಾಳ ಸಾಗಿಸುವಾಗ ಕೇಬಲ್ ಕೈಕೊಟ್ಟಿತು, ಹೊಸದು ತರಲು ಹೋದ, ಕೊಂಡೂ ಕೊಂಡ, ಅಂಗಡಿಯ ತಿರುವಿನಲ್ಲಿ ಲಾರಿ ಹಿಂದಕ್ಕೆ ಬರುತ್ತಿತ್ತು — ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ವಾಚು, ಒಂದೇ ಚಪ್ಪಲಿ, ಸೀಲು ಒಡೆಯದ ಕೇಬಲ್.

ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ, ಡಬ್ಬದಣ್ಣನಿಗೆ ಇವತ್ತೇ ತಲುಪಿಸ್ತೀವಿ ಅಂದಿದೀನಿ, ಇನ್ನೊಬ್ಬರ ವಸ್ತು ಅವನ ಹೆಸರಲ್ಲಿ ಉಳೀಬಾರದು, ಪಾಪ, ಬಾಯಿಬಿಟ್ಟು ಕೇಳಲಿಲ್ಲ ಅವರು, ಏನೋ ರೆಕಾರ್ಡಿಂಗ್ ಇದೆಯಂತೆ. ಹೂಂ, ಅಂದಳು. ಡಬ್ಬದಣ್ಣ ಗಂಡನ ಗುರು, ಕೈಗೆ ಸಿಕ್ಕ ಡಬ್ಬವನ್ನೆಲ್ಲ ಬಾರಿಸುತ್ತಾನೆಂದು ಆ ಹೆಸರು, ಯಂತ್ರ ಆ ಗುರುವಿನದು, ಗಂಡ ನಾಲ್ಕು ದಿನಕ್ಕೆಂದು ತಂದದ್ದು ಇವರ ಮದುವೆಗಿಂತ ಮೊದಲಿಂದ ಇಲ್ಲೇ ಬೇರು ಬಿಟ್ಟಿತ್ತು. ಇವತ್ತು ಪ್ಲಗ್ ಕೀಳಬೇಕು, ಅವಳೇ ಕೀಳಬೇಕು. ಮೊನ್ನೆ ಚಿಕ್ಕಪ್ಪ ಫೋನ್ ಚಾರ್ಜಿಗೆಂದು ಅದೇ ಪ್ಲಗ್ಗಿಗೆ ಕೈ ಹಾಕಿದಾಗ ಕಿರುಚಿಬಿಟ್ಟಿದ್ದಳು, ಹೆಣದ ಮುಂದೆ ಕಲ್ಲಿನ ಹಾಗೆ ಕೂತವಳು, ಸದ್ಯ, ಈಗಲಾದ್ರೂ ಅತ್ತಳಲ್ಲ ಅಂದರು ಹೆಂಗಸರು, ಚಿಕ್ಕಪ್ಪ ಮಾತ್ರ ಸತ್ತುಹೋದ ಫೋನು ಹಿಡಿದುಕೊಂಡು, ನಾನೇನಮ್ಮ ಮಾಡಿದೆ ಎಂದು ಎಲ್ಲರನ್ನೂ ಕೇಳುತ್ತಾ ಓಡಾಡಿದ.

ಕೇಬಲಿನ ಸೀಲು ಹಲ್ಲಿನಿಂದ ಒಡೆದಳು. ಒಂದು ತುದಿ ಯಂತ್ರಕ್ಕೆ, ಇನ್ನೊಂದು ಕಂಪ್ಯೂಟರಿಗೆ, ಅವನು ಮಾಡುವುದನ್ನು ನೋಡಿದ್ದಾಳೆ, ನೋಡಿದ್ದು ಮಾಡಿದ ಹಾಗಲ್ಲ, ಅಳಿಸುವ ಗುಂಡಿಯೂ ನುಡಿಸುವ ಗುಂಡಿಯೂ ಅಕ್ಕಪಕ್ಕದಲ್ಲಿವೆ, ಯಾವ ಪುಣ್ಯಾತ್ಮ ಹಾಗಿಟ್ಟನೋ. ಹಳೆಯ ಯಂತ್ರದ ಕೆಳಸಾಲಿನ ಎಡತುದಿಯ ಪ್ಯಾಡು, ಅದರ ರಬ್ಬರು ತಗ್ಗಿ ನಯವಾಗಿ ಹೊಳೆಯುತ್ತದೆ, ಒಂದು ಹೆಬ್ಬೆರಳಿನ ಗುಳಿ, ಈ ದಿನಗಳಲ್ಲಿ ಅವಳು ಅವನ ದೇಹದ ಯಾವ ಭಾಗವನ್ನೂ ಅಷ್ಟು ನೋಡಿಲ್ಲ, ಗುಳಿಯನ್ನು ಮಾತ್ರ ಮುಟ್ಟಿಲ್ಲ, ಮುಟ್ಟಿದರೆ ಅವನ ಬೆರಳು ಅಳಿಸಿಹೋದೀತು. ನುಡಿಸುವ ಗುಂಡಿ ಒತ್ತಿದಳು. ಅವನು ಮನೆಯಲ್ಲೇ ಹಿಡಿದ ಸದ್ದುಗಳು, ಚಿಲಕ, ಮುಚ್ಚಳ, ಚಿಲಕ, ಆಮೇಲೆ ಒಂದು ಕೂದಲಷ್ಟು ತಡವಾಗಿ ಅವಳದೇ ಕೆಮ್ಮು — ಕಳ್ಳ, ಅವಳಿಗೆ ನೆಗಡಿಯಾದಾಗ ಮೈಕು ಹಿಡಿದುಕೊಂಡು ಹಿಂದೆ ಸುತ್ತಿದ್ದ, ನಿನ್ನ ಕೆಮ್ಮೇ ನಾಲ್ಕನೇ ಪೆಟ್ಟು, ಥೂ, ಅದ್ಯಾಕೆ ಲೇಟಾಗಿ ಬೀಳುತ್ತೆ ಎಂದು ಅವಳು, ನೀನು ಯಾವತ್ತು ಟೈಮಿಗೆ ಬಂದಿದೀಯ ಹೇಳು ಎಂದು ಅವನು. ತಡ ಎಂದರೆ ಅವನು, ಆ ಕೂದಲೆಳೆಯ ಸಂದಿನಲ್ಲಿ ಅವನು ನಗುತ್ತಿದ್ದಾನೆ. ಕಂಪ್ಯೂಟರು ಎಲ್ಲವನ್ನೂ ನುಂಗಿ, ತಾಳ ಸರಿಯಾಗಿ ಕೂತಿಲ್ಲ, ಸರಿಪಡಿಸಲೇ ಎಂದು ಕೇಳಿತು, ಹೂಂ ಎಂದು ಒತ್ತಿಬಿಟ್ಟಳು, ಯಾರು ಏನು ಕೇಳಿದರೂ ಹೂಂ ಅನ್ನುವುದೇ ರೂಢಿಯಾಗಿತ್ತಲ್ಲ, ಇಲ್ಲಿ ಸಹಿ ಮಾಡಿ, ಹೂಂ, ಮುಖ ನೋಡ್ತೀರಾ, ಹೂಂ. ಚಿಲಕ ಮುಚ್ಚಳ ಚಿಲಕ ಕೆಮ್ಮು, ಕವಾಯತಿನ ಹಾಗೆ ನೆಟ್ಟಗೆ, ಸಂದು ಮುಚ್ಚಿತ್ತು, ಅವನಿಲ್ಲ. ಯಂತ್ರದ ಮೇಲೆ ಎರಡೂ ಕೈ ಚಾಚಿ ಕೂತಳು, ಬೆಚ್ಚಗಿತ್ತು, ಒಳಗೆ ಇನ್ನೂ ಇದೆ, ಇದೆ. ಮತ್ತೆ ನುಡಿಸಿದಳು, ಮತ್ತೆ ತುಂಬಿದಳು, ಸರಿಪಡಿಸಲೇ, ಬೇಡ, ಬೇಡ ಎಂದು ಬಾಯಿಬಿಟ್ಟೇ ಹೇಳಿದಳು, ಅತ್ತೆ ಅಡುಗೆಮನೆಯಿಂದ ಏನಮ್ಮ ಅಂದರು. ಈ ಸಲ ಕೆಮ್ಮು ತಡವಾಗಿಯೇ ಬಿತ್ತು. ಆದರೂ ಪ್ಲಗ್ ಕೀಳಲು ಕೈ ಏಳುತ್ತಿಲ್ಲ, ಕಿತ್ತ ಮೇಲೆ ಕಂಪ್ಯೂಟರಿನದು ಮಾಯವಾದರೆ, ಅದು ನಕಲು, ಇದು ಅವನು, ಇವನನ್ನು ಈಗ ನಾನೇ — ಕಣ್ಣು ಮುಚ್ಚಿ ಎಳೆದಳು. ಫ್ಯಾನು ತಕ್ಷಣ ನಿಲ್ಲಲಿಲ್ಲ, ನಿಧಾನವಾಯಿತು, ಇನ್ನಷ್ಟು ನಿಧಾನ, ಆಮೇಲೆ ಮನೆಯಲ್ಲಿ ಅತ್ತೆಯ ಪಾತ್ರೆಯ ಸದ್ದೊಂದೇ.

ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು, ಮಗುವಿಗಿಂತ ಭಾರ, ರಸ್ತೆಯ ಪ್ರತಿ ಗುಂಡಿಗೂ ಪ್ಯಾಡಿನ ಗುಳಿಯ ಮೇಲೆ ಸೆರಗು ಮುಚ್ಚುತ್ತಾ. ಡಬ್ಬದಣ್ಣನ ಕೋಣೆ, ಸದ್ದು ಹೀರಲೆಂದು ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದೆ, ಬಾರಮ್ಮ, ಕೂತ್ಕೋ, ಫೋನ್ ಮಾಡಿದ್ರೆ ನಾನೇ ಬರ್ತಿದ್ದೆನಲ್ಲ. ಅವನು ಅಳುವುದಿಲ್ಲ, ಪ್ಲಗ್ ಹಾಕುತ್ತಾನೆ, ಎಲ್ಲ ಖಾಲಿ ಮಾಡಿ ಕೊಟ್ಟಿದಾನೆ ಹುಡುಗ ಎನ್ನುತ್ತಾ ಎಡತುದಿಯ ಪ್ಯಾಡಿನ ಮೇಲೆ ಹೆಬ್ಬೆರಳಿಡುತ್ತಾನೆ, ಅಯ್ಯೋ ಬೇಡ — ಹೆಬ್ಬೆರಳು ಗುಳಿಯೊಳಗೆ ಬಂದು ಕೂರುತ್ತದೆ, ಅಚ್ಚಿಗೆ ಅಚ್ಚು, ಸಂದೇ ಇಲ್ಲ. ಅದು ನಮ್ಮವರದು, ಅವರದು ಅನ್ನುತ್ತಿದ್ದಾಳೆ ಅವಳು. ಇದಾ, ಇಲ್ಲಮ್ಮ, ನಂದೇ, ಇಪ್ಪತ್ತು ವರ್ಷ ಗುದ್ದಿ ಗುದ್ದಿ ತಗ್ಗಿಸಿದ್ದು, ಅವನ ಬೆರಳು ಸಣ್ಣದು, ಇದರಲ್ಲಿ ಕೂರ್ತಾನೇ ಇರಲಿಲ್ಲ, ತಳ ಮುಟ್ಟೋಷ್ಟರಲ್ಲಿ ತಾಳ ಮುಂದೆ ಹೋಗಿರೋದು, ಈ ಪ್ಯಾಡ್ ಬಿಟ್ಟು ಬೇರೆದರಲ್ಲಿ ಬಾರಿಸೋ ಅಂತ ಬೈದು ಬೈದು ಸಾಕಾಯ್ತು, ಇಲ್ಲಣ್ಣ, ಆ ತಡವೇ ನಂಗೆ ಬೇಕು ಅನ್ನೋನು, ಹಠ. ಡಬ್ಬದಣ್ಣ ಕೈ ತೆಗೆದ. ಹಾಗಾದರೆ ಗಂಡನ ಗುರುತು ಎಲ್ಲೂ ಇಲ್ಲ, ಇಷ್ಟು ದಿನ ಅವಳು ಕಾದದ್ದು ಇನ್ನೊಬ್ಬರ ಹೆಬ್ಬೆರಳು, ಅವನು ಎಂದರೆ ಇದರಲ್ಲಿ ಕೂರದೆ ಹೋದದ್ದು, ತಳ ಮುಟ್ಟುವ ಮೊದಲಿನ ಇಷ್ಟೇ ಇಷ್ಟು ಹೊತ್ತು — ಕೇಳದೆಯೇ ಬೆರಳು ಮುಂದೆ ಹೋಯಿತು, ಅವಳದು ಇನ್ನೂ ಸಣ್ಣದು, ಒತ್ತಿದಳು, ರಬ್ಬರು ತಣ್ಣಗಿದೆ, ಬೆರಳು ಇಳಿಯುತ್ತಿದೆ, ಸುತ್ತಲೂ ಗುಳಿ, ಇನ್ನೂ ತಳ ಸಿಕ್ಕಿಲ್ಲ