ದೀಪದ ಕೆಳಗಿನ ಕುರ್ಚಿ

ಆ ರಂಗಮಂದಿರದಲ್ಲಿ ಬೆಳಕಿನ ಕೆಲಸ ನೋಡಿಕೊಳ್ಳುವ ‘ದೀಪದ ಮಾವ’ನದು ಒಂದೇ ಕಾನೂನು. ಮೇಲಿನ ಪೈಪಿಗೆ ದೀಪ ಕಟ್ಟಿದವರು ಅದರ ಕೆಳಗೇ ಕುರ್ಚಿ ಹಾಕಿಕೊಂಡು ಕೂರಬೇಕು. ಇನ್ನೊಬ್ಬರು ಉದ್ದನೆಯ ಕೋಲಿನಿಂದ ಆ ಪೈಪನ್ನು ಮೂರು ಸಲ ಅಲುಗಿಸಬೇಕು. ನಮ್ಮ ತಲೆ ಉಳಿದರೆ ನಟರ ತಲೆಯೂ ಉಳಿಯುತ್ತದೆ ಎನ್ನುವುದು ಅವನ ಲೆಕ್ಕ. ಹತ್ತು ಕಿಲೋ ತೂಕದ ಕಬ್ಬಿಣದ ಡಬ್ಬಿ, ಬಿದ್ದರೆ ‘ಅಯ್ಯೋ’ ಅನ್ನುವುದಕ್ಕೂ ಪುರುಸೊತ್ತು ಕೊಡುವುದಿಲ್ಲ. ಅದಕ್ಕೇ ಕೊಕ್ಕೆಯ ಜೊತೆಗೊಂದು ಸರಪಳಿ. ಕೊಕ್ಕೆ ಕೈಕೊಟ್ಟರೂ ಸರಪಳಿ ಹಿಡಿದುಕೊಳ್ಳಬೇಕು.

ಅವನ ಅಕ್ಕನ ಮಗಳು ಹದಿನೆಂಟು ವರ್ಷ ಅವನ ಕೈಕೆಳಗೆ ದುಡಿದವಳು. ಹಿಂದಿನ ಮೂರು ನಾಟಕಗಳಲ್ಲೂ ಮಾವ ಒಂದೊಂದು ದೀಪಕ್ಕೆ ಸರಪಳಿ ಹಾಕುವುದನ್ನೇ ಮರೆತಿದ್ದ. ಅವನು ಕುರ್ಚಿ ತರಲು ಹೋದಾಗ ಇವಳು ಸರಸರ ಏಣಿ ಹತ್ತಿ, ಸಿಕ್ಕಿಸಿ ಬಂದು, ಬಾಯಿಗೆ ಬೀಗ ಹಾಕಿಕೊಂಡಿದ್ದಳು. ವಿಷಯ ಹೊರಬಿದ್ದು ಏಣಿಯ ಕೆಲಸದಿಂದ ಇಳಿಸಿಬಿಟ್ಟರೆ ಆತ ಹೋಗುವುದಾದರೂ ಎಲ್ಲಿಗೆ? ಹೆಂಡತಿಯಿಲ್ಲ, ಮಕ್ಕಳಿಲ್ಲ. ಇದ್ದ ಸಂಸಾರವೆಲ್ಲ ಆ ಪೈಪಿಗೇ ತೂಗುಹಾಕಿತ್ತು.

ಇವತ್ತು ಕುರ್ಚಿ ಮೊದಲೇ ರಂಗದ ಮೇಲಿತ್ತು. ತಾಲೀಮಿಗೆ ಬಂದ ನಟರು ಸುತ್ತ ನಿಂತಿದ್ದರು. ಮಾವ ದೀಪ ಕಟ್ಟಿ ಇಳಿದವನೇ ಕೂತುಬಿಟ್ಟ.

“ಹೂಂ, ಅಲುಗ್ಸು.”

ಕೋಲೆತ್ತಿದವಳು ಮೇಲೆ ನೋಡಿದಳು. ಸರಪಳಿ ಬರಿದೇ ಜೋತಾಡುತ್ತಿತ್ತು. ಕೊಕ್ಕೆಯ ತಿರುಪೂ ಅರ್ಧ ಹೊರಗೇ ಇತ್ತು.

ಏನಾದರೂ ನೆಪ ಹೇಳಿ ಎಬ್ಬಿಸಬಹುದಿತ್ತು. ಆದರೆ ದೀಪದ ನೇರಕ್ಕೆ ಕೂತಿದ್ದ ಆ ನರೆತ ತಲೆ ನೋಡಿ ಅವಳಿಗೆ ಸುಳ್ಳು ಹುಟ್ಟಲಿಲ್ಲ.

“ಏಳಿ ಮಾವ. ನೀವು ಸರಪಳಿ ಹಾಕಿಲ್ಲ.”

ಮಾವ ಎದ್ದು, ಕತ್ತೆತ್ತಿ ಸರಪಳಿ ನೋಡಿದ.

“ಇದು ಎಷ್ಟನೇ ಸಲ?”

“ನಾಲ್ಕನೇದು.”

“ಮೂರು ಸಲ ಸುಮ್ನಿದ್ಯಾ?” ನಟರತ್ತ ಕೈ ತೋರಿದ. “ನನ್ನ ಮಾನ ಉಳಿಸೋಕೆ ಇವರ ಪ್ರಾಣದ ಜೊತೆ ಆಟ ಆಡಿದ್ಯಲ್ಲ. ಇದನ್ನಾ ನಾನು ಕಲಿಸಿದ್ದು?”

ಅವಳಿಗೆ ನಾಚಿಕೆಯಿಂದ ಅಳು ಉಕ್ಕಿ ಬಂತು. ಬೈದದ್ದಕ್ಕಲ್ಲ, ಬೈದದ್ದು ನಿಜವಾಗಿದ್ದಕ್ಕೆ.

ಎತ್ತರದಿಂದ ಕೈಜಾರಬಾರದೆಂದು ಮಾವ ಸ್ಪ್ಯಾನರನ್ನು ದಾರದಿಂದ ಮುಂಗೈಗೆ ಕಟ್ಟಿಕೊಳ್ಳುತ್ತಿದ್ದ. ಈಗ ಆ ಗಂಟು ಬಿಚ್ಚಿದ. ಬೆರಳು ತಡವರಿಸಿದವು, ಯಾರೂ ನೆರವಿಗೆ ಹೋಗಲಿಲ್ಲ, ಹೋಗಬಾರದು ಎಂದು ಎಲ್ಲರಿಗೂ ಗೊತ್ತಿತ್ತು. ದಾರವನ್ನು ಅವಳ ಕೈಗೆ ಕಟ್ಟಿ, “ಹತ್ತು,” ಎಂದ.

ಅವಳು ಹತ್ತಿದಳು. ತಿರುಪು ಬಿಗಿದು, ಸರಪಳಿ ಸಿಕ್ಕಿಸಿ, ಎಳೆದು ನೋಡಿ, ಇಳಿದು ಕುರ್ಚಿಯಲ್ಲಿ ಕೂತಳು. ಮಾವ ಕೋಲು ಹಿಡಿದು ಪೈಪನ್ನು ಅಲುಗಿಸಿದ. ಒಂದು. ಎರಡು. ಮೂರು. ದೀಪ ಅಲ್ಲೇ ಇತ್ತು. ಅವನು ಮತ್ತೆ ಕೋಲೆತ್ತಿದ.

“ಮೂರಾಯ್ತು ಮಾವ.”

“ಆಯ್ತಾ?”

ಕೋಲನ್ನು ಮೆಲ್ಲಗೆ ಗೋಡೆಗೆ ಒರಗಿಸಿದ.

“ಹಾಗಾದ್ರೆ ಇನ್ಮೇಲೆ ಎಣಿಸೋದೂ ನೀನೇ.”