ರಗ್ಗಿನಡಿಯ ಮುಚ್ಚಳ

ಇಡ್ಲಿ ಪಾತ್ರೆಯ ಮುಚ್ಚಳ ಹಬೆಗೆ ಟಕಟಕ ಅದುರುತ್ತಿದೆ, ಆ ಸದ್ದಿಗೆ ರಘುಪತಿ ಐತಾಳರ ಕಣ್ಣಿಗೆ ಕಟ್ಟುವುದು ಇನ್ನೊಂದು ಮುಚ್ಚಳ, ಸ್ವಾತಂತ್ರ್ಯ ಬಂದ ಮರುವರ್ಷದ ಪುಷ್ಯದ ಬೆಳಗಿನದು, ಕಲಾಯಿ ಹಾಕಿದ ಕೊಪ್ಪರಿಗೆಯ ಬಾಯಿಂದ ಬೆರಳಗಲ ತಾನಾಗಿಯೇ ಮೇಲೆದ್ದು ನಿಂತದ್ದು, ಕಲ್ಕತ್ತೆಯ ಚಳಿಗೆ ಹಿಟ್ಟು ಉಬ್ಬುವುದುಂಟಾ, ಊರಿಗೆ ಹೋಗಿ ಮಠದ ಅಡಿಗೆಗೆ ನಿಲ್ಲು ಮಾರಾಯ ಎಂದವರ ಬಾಯಿ ಮುಚ್ಚಿಸಿದ್ದು ಆ ಬೆರಳಗಲ — ಮೊದಲ ಸಲ ರುಬ್ಬಿದ್ದು ಸುಣ್ಣದಂತೆ ತಳಕ್ಕೆ ಕೂತಿತ್ತು, ಎರಡನೆಯದೂ ಹಾಗೆಯೇ, ಊರಿನ ಸೆಕೆ ತನ್ನ ಹಿಂದೆಯೇ ರೈಲು ಹತ್ತಿ ಬಂದಿದೆಯೆಂದು ನಂಬಿ ಕೊಪ್ಪರಿಗೆಯನ್ನು ಬರಿದೇ ಮುಚ್ಚಿಟ್ಟ ಕರಾವಳಿಯವನ ತಪ್ಪು ಅದು, ಮೂರನೆಯ ಸಲ ಹೊದೆಯಲು ಇದ್ದ ಒಂದೇ ರಗ್ಗನ್ನು ಕೊಪ್ಪರಿಗೆಗೆ ಸುತ್ತಿ, ಕಲ್ಲಿದ್ದಲ ಒಲೆಯ ಬಿಸಿಬೂದಿಯ ಪಕ್ಕ ಇಟ್ಟು, ತಾನು ಗೋಣಿಚೀಲದೊಳಗೆ ಮುದುಡಿಕೊಂಡು — ಅಪ್ಪಾ, ಕಾಲೇಜಿನ ಆಫೀಸು ನಾಲ್ಕಕ್ಕೆ ಬಂದ್, ಗೊತ್ತುಂಟಲ್ಲ. ವಸಂತಿ. ಎದುರಿನ ಅಮೃತಶಿಲೆಯ ಮೇಜಿನ ಮೇಲೆ ಅವಳು ಹರಡಿಟ್ಟ ಕಾಗದ, ಹಾರದಿರಲೆಂದು ಮೇಲೆ ಇಟ್ಟ ಚಟ್ನಿ ಬಟ್ಟಲು, ಕೆಳಗೆ ಜಾಮೀನುದಾರನ ಸಹಿಗೆ ಬಿಟ್ಟ ಖಾಲಿ ಗೆರೆ. ಗರಿಯಾಹಾಟಿನ ಈ ಹೋಟೆಲಿಗೆ ಬಂದ್, ಬಾಂಬು ಎಂದು ಬಾಗಿಲು ಹಾಕಿದ ದಿನಗಳೇ ಹೆಚ್ಚಾಗಿ ಗಲ್ಲಾಪೆಟ್ಟಿಗೆಯ ತಳ ಕಾಣುತ್ತಿರುವ ಕಾಲದಲ್ಲಿ ಮಗಳಿಗೆ ಅರ್ಥಶಾಸ್ತ್ರದ ಆನರ್ಸಿಗೆ ಸೀಟು ಸಿಕ್ಕಿದೆ, ಸರ್ಕಾರದ ಸಾಲವೂ ಸಿಗುತ್ತದಂತೆ, ಬಡ್ಡಿ ಇಲ್ಲವಂತೆ, ಕೆಲಸ ಸಿಕ್ಕ ಮೇಲೆ ಕಂತಂತೆ — ಕೆಲಸ ಸಿಕ್ಕ ಮೇಲೆ, ಈ ಮೂರು ಶಬ್ದ ಎಷ್ಟು ಸಲೀಸಾಗಿ ಅಚ್ಚಾಗಿವೆ — ಇವತ್ತು ನಾಲ್ಕು ದಾಟಿದರೆ ಸೀಟು ಇನ್ನೊಬ್ಬರ ಪಾಲು. ಇದುವರೆಗೆ ಒಬ್ಬರಿಗೂ ಜಾಮೀನು ನಿಲ್ಲದ ಕೈ ಇದು, ಆ ಹೆಮ್ಮೆಯಲ್ಲೇ ಇಷ್ಟು ವರ್ಷ ತಲೆಯೆತ್ತಿ ನಡೆದದ್ದು.

ಭಾವ, ಹುಡುಗಿಯ ತಲೆ ಮೇಲೆ ಸಾಲ ಹೇರಿ ಯಾವ ಮನೆಗೆ ಕೊಡ್ತೀರಿ, ನಿನ್ನೆ ಊಟಕ್ಕೆ ಕೂತಾಗ ಹೆಂಡತಿ ರತ್ನಾವತಿಯ ತಮ್ಮ ಮುರಾರಿ, ರೈಲ್ವೆ ಆಫೀಸಿನವನು, ಅನ್ನಕ್ಕೆ ಸಾರು ಕಲಸುತ್ತಲೇ ಕೇಳಿದ್ದು, ಬೀಗರಿಗೆ ವರದಕ್ಷಿಣೆಯ ಜೊತೆ ಸಾಲದ ಕಂತನ್ನೂ ಉಡುಗೊರೆ ಕೊಡ್ತೀರಾ, ಅವ ಹೇಳುದ್ರಲ್ಲಿ ತಪ್ಪೆಂತದು ಎಂದು ಬಡಿಸುತ್ತಿದ್ದ ರತ್ನಾವತಿ, ಕಂತು ಕಟ್ಟುದು ನಾನು ಮಾವ, ನಿಮ್ಮ ಬೀಗರಲ್ಲ ಎಂದು ವಸಂತಿ, ಸಂಬಳ ಬಂದ್ರೆ ತಾನೆ ಮಾರಾಯ್ತಿ ಎಂದು ಅವನು, ಆ ಮಾತು ಇನ್ನೂ ಕಿವಿಯಲ್ಲೇ ಇದೆ, ಏಕೆಂದರೆ ಅಗೋ, ಮೂಲೆಯ ಮೇಜಿನಲ್ಲಿ ಶುಭೇಂದು, ಇದೇ ಅರ್ಥಶಾಸ್ತ್ರದಲ್ಲಿ ಎಂ.ಎ., ಕೆಲಸವಿಲ್ಲ, ಮಧ್ಯಾಹ್ನದಿಂದ ಒಂದೇ ಕಾಫಿಯ ಮುಂದೆ, ಐತಾಳ್‌ದಾ, ಬೇಡಿಕೆಗಿಂತ ಪೂರೈಕೆ ಹೆಚ್ಚಾದ ಸರಕು ನಾನು, ಇನ್ನೊಂದು ಕಾಫಿ ಸಾಲ ಕೊಡಿ ಎಂದು ನಗುತ್ತಾನೆ, ಆ ನಗೆಯಲ್ಲಿ ಹಲ್ಲು ಕಾಣುತ್ತದೆ, ಕಣ್ಣು ಕಾಣುವುದಿಲ್ಲ. ಇವಳೂ ಹಾಗೆ ಯಾವುದೋ ಮೂಲೆಯಲ್ಲಿ, ಆರಿದ ಕಾಫಿಯ ಮುಂದೆ — ಪರೀಕ್ಷೆಯೇ ವರ್ಷ ತಡವಾಗುವ ಊರಿನಲ್ಲಿ ಸಾಲ ಮಾತ್ರ ತಡಮಾಡುವುದಿಲ್ಲ. ಶೋನೋ ಅಪ್ಪಾ, ಕೇಳಿ ಇಲ್ಲಿ, ಬ್ಯಾಂಕೆಲ್ಲ ಸರ್ಕಾರದ್ದಾಯ್ತು, ಊರೂರಲ್ಲಿ ಬ್ರಾಂಚು ತೆಗೀತಾ ಇದ್ದಾರೆ, ಪರೀಕ್ಷೆ ಪಾಸಾದ್ರೆ ಆಫೀಸರು, ಅದೂ ಇಲ್ಲಾಂದ್ರೆ ಟೀಚರು, ಟೀಚರಾದ್ರೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಮಾಫಿ ಉಂಟು, ನಾನು ಸುಮ್ಮನೆ ಹೇಳೂದಲ್ಲ. ಎರಡೂ ಆಗದಿದ್ರೆ? ಇವಳು ಚಟ್ನಿ ಬಟ್ಟಲನ್ನು ಗೆರೆಯಿಂದ ಆಚೆಗೆ ಸರಿಸುತ್ತಾಳೆ, ಅಷ್ಟೆ. ಟ್ರಾಮಿನ ಗಂಟೆ. ಮುಚ್ಚಳದ ಟಕಟಕ. ಯಾರಾದರೂ ಒಲೆ ಸಣ್ಣ ಮಾಡಬಾರದೇ.

ಬೆರಳಗಲ — ಎಷ್ಟು ಸಲ ಹೇಳಿದ್ದಾರೆ ಆ ಕಥೆ, ಗಿರಾಕಿಗಳಿಗೆ, ನೆಂಟರಿಗೆ, ಜ್ವರದಲ್ಲಿ ಮಲಗಿದ್ದ ಇದೇ ವಸಂತಿಗೆ, ಪ್ರತಿಸಲ ಶುರುವಾಗುವುದು ರಗ್ಗಿನಿಂದ, ಅದಕ್ಕೆ ಮೊದಲಿನದು ಯಾರೂ ಕೇಳಿಲ್ಲ, ಎರಡು ಸಲ ಹಿಟ್ಟು ಚರಂಡಿಗೆ ಚೆಲ್ಲಿದವನಿಗೆ ಮೂರನೆಯ ಸಲ ಅಕ್ಕಿ, ಉದ್ದು ಎಲ್ಲಿಂದ ಬಂತು — ಬಡಾಬಜಾರಿನ ಮಾರವಾಡಿ ಸೇಠ, ದಪ್ಪ ಕನ್ನಡಕದವನು, ಕಡ ಕೊಟ್ಟ, ಜಾಮೀನು ಕೇಳಲಿಲ್ಲ, ಕೇಳಿದ್ದು ಒಂದೇ ಮಾತು, ಈ ಸಲ ಉಬ್ಬುತ್ತದಾ ಮಹಾರಾಜ್, ಉಬ್ಬುತ್ತದೆ ಎಂದದ್ದು ತನ್ನದೇ ಬಾಯಿ, ಗೊತ್ತಿರಲಿಲ್ಲ, ಏನೂ ಗೊತ್ತಿರಲಿಲ್ಲ, ರಗ್ಗಿನ ಯೋಚನೆ ಕೂಡ ಹೊಳೆದದ್ದು ಗೋಣಿ ಹೊತ್ತು ಬರುವ ದಾರಿಯಲ್ಲಿ — ಪೆನ್ನು ಯಾವಾಗ ಕೈಗೆ ಬಂತು, ರಘುಪತಿ ಐತಾಳ, ಕನ್ನಡದಲ್ಲೇ, ದುಂಡಗೆ, ಕೊನೆಯ ಳಕಾರದ ಮೇಲೆ ಶಾಯಿ ತುಸು ಹರಡಿ, ಆರಲಿ ಎಂದು ಊದುತ್ತಿದ್ದಾಳೆ ಇವಳು, ಮೂಲೆಯಿಂದ ಶುಭೇಂದು ನೋಡುತ್ತಿದ್ದಾನೆ, ಈಗ ನಗುತ್ತಿಲ್ಲ.

ಟ್ರಾಮಿನಲ್ಲಿ ಕಿಟಕಿಯ ಪಕ್ಕ ಅವಳು, ಎದೆಗವಚಿದ ಕಾಗದ, ನಾಲ್ಕಕ್ಕೆ ಇನ್ನೂ ಹೊತ್ತಿದೆ, ಶ್ರಾವಣದ ಬೆವರು ಕುತ್ತಿಗೆಯಲ್ಲಿ ಇಳಿಯುತ್ತಿದ್ದರೂ ಐತಾಳರ ಬೆರಳ ತುದಿಗಳು ಮಾತ್ರ ತಣ್ಣಗೆ, ಆ ಪುಷ್ಯದ ನಸುಕಿನಲ್ಲಿದ್ದ ಹಾಗೆಯೇ. ಅಪ್ಪಾ. ಏನು. ಆ ಹಿಟ್ಟಿನ ಕಥೆ ಹೇಳಿ, ಇನ್ನೊಂದ್ಸಲ. ಎಷ್ಟು ಸಲ ಕೇಳ್ತಿ ನೀನು. ಇವತ್ತು ಬೇಕು, ಹೇಳಿ. ಬಡಾಬಜಾರಿನಲ್ಲಿ ಒಬ್ಬ ಸೇಠ ಇದ್ದ, ಎಂದು ಶುರುಮಾಡುತ್ತಾರೆ, ಇವಳು ಥಟ್ಟನೆ ತಿರುಗಿ ನೋಡುತ್ತಾಳೆ, ಕಥೆಯಲ್ಲಿ ಸೇಠ ಬಂದ, ಅಕ್ಕಿ ಬಂತು, ರಾತ್ರಿ ಕಳೆಯಿತು, ಬೂದಿ ತಣ್ಣಗಾಯಿತು, ಮುಂದಿನದು ಅವರಿಗೆ ಬಾಯಿಪಾಠ, ಆದರೂ ನಾಲಿಗೆ ಮುಂದೆ ಹೋಗುತ್ತಿಲ್ಲ, ಕಾಣುತ್ತಿರುವುದು ರಗ್ಗು ಮಾತ್ರ, ಅದರ ಅಂಚು ಹಿಡಿದ ಕೈ, ಕೆಳಗೆ ಮುಚ್ಚಳ, ಇನ್ನೂ ತೆಗೆದು ನೋಡಿಲ್ಲ.