ತಲೆಬಾಗಿಲಿಗೆ ಬಂದ ಕಸ್ತೂರೆವ್ವ

ನಿಪ್ಪಾಣಿಯ ಹಳೇ ತಂಬಾಕು ಗೋದಾಮಿನಲ್ಲಿ ವಸ್ತುಸಂಗ್ರಹಾಲಯ ಮಾಡುತ್ತೇನೆಂದು ಶೈಲಾ ಹೊರಟಾಗ ಊರು ಹೊಟ್ಟೆ ತುಂಬ ನಕ್ಕಿತ್ತು. ಅದೂ ರಾಜರ ಕತ್ತಿ, ಕಿರೀಟದ್ದಲ್ಲ. ಜನ ಕಿತ್ತೆಸೆದ ಬಾಗಿಲು, ಕಿಟಕಿ, ಕಂಬಗಳದ್ದು. ರಸ್ತೆ ಅಗಲ ಮಾಡುವ ಭರಾಟೆಯಲ್ಲಿ ಹಳೇ ಕಾಲದ ದೊಡ್ಡ ಮನೆಗಳು, ವಾಡೆಗಳು ಉರುಳುತ್ತಿದ್ದವು. ವಾಸ್ತುಶಿಲ್ಪ ಓದಿದ ಈ ಹುಡುಗಿ ಅವಶೇಷ ಹೊತ್ತ ಲಾರಿಗಳ ಬೆನ್ನು ಹತ್ತಿದ್ದಳು. ಅಥಣಿಯ ಕಿಟಕಿ, ರಾಯಬಾಗದ ಕಂಬ, ಕಾಗವಾಡದ ಕಲ್ಲಿನ ಜಾಲಂಧ್ರ, ಹೀಗೆ ಕೇಳಿದಾಗ ಮರಳಿಸಬೇಕೆಂಬ ಮಾತಿನ ಮೇಲೆ ಮನೆತನಗಳು ನಂಬಿ ಕೊಟ್ಟದ್ದನ್ನೆಲ್ಲ ಮಣ್ಣಿನ ಮನೆಯಿಂದ ಕಾಂಕ್ರೀಟ್ ಸ್ಲ್ಯಾಬಿನ ಮನೆಯವರೆಗೆ ಕಾಲದ ಕ್ರಮದಲ್ಲಿ ಸಾಲಾಗಿ ಜೋಡಿಸಿ, ನೋಡುವವರಿಗೆ ದಾರಿ ತೋರಲು ನೆಲಕ್ಕೆ ಬಾಣದ ಗುರುತು ಅಂಟಿಸಿದಳು. ನಕ್ಕವರೇ ಈಗ ನೆಂಟರನ್ನು ಕರೆತಂದು ತೋರಿಸುತ್ತಿದ್ದರು.

ಎಲ್ಲಕ್ಕೂ ದೊಡ್ಡದು ಕರೋಶಿಯ ರಾವಸಾಹೇಬರ ವಾಡೆಯ ತಲೆಬಾಗಿಲು. ಮುಂದಿನ ಗೇಟಿನಲ್ಲಿ ಅದು ತೂರಲಿಲ್ಲ. ತಂಬಾಕಿನ ಗಾಡಿ ಬರುತ್ತಿದ್ದ ಹಿಂದಿನ ಶಟರ್‌ನಿಂದ ಒಳತಂದು ಅಲ್ಲೇ ನಿಲ್ಲಿಸಿದರು. ಎಲ್ಲ ನೋಡಿ ಮುಗಿಸಿದವರು ಅದನ್ನು ದಾಟಿಯೇ ಹೊರಬೀಳಲಿ, ಭರ್ಜರಿಯಾಗಿರುತ್ತದೆ ಎಂದು ಶೈಲಾ ಅಂದುಕೊಂಡಿದ್ದಳು.

ಒಂದು ದಿನ ರಾವಸಾಹೇಬರ ತಾಯಿ ಕಸ್ತೂರೆವ್ವ ಮಗನೊಂದಿಗೆ ಬಂದಳು. ಬಾಗಿಲ ಎದುರು ಕುರ್ಚಿ ಹಾಕಿಸಿಕೊಂಡು ಬಹಳ ಹೊತ್ತು ಕೂತಳು. ಆಮೇಲೆ ಮಗನಿಗೆ, "ಟ್ರ್ಯಾಕ್ಟರ್ ತರಸು. ಬಾಗಲಾ ಮನಿಗಿ ಒಯ್ಯೂಣು," ಎಂದಳು.

ಶೈಲಾ ಓಡಿಬಂದಳು. ಒಬ್ಬರು ಒಯ್ದರೆ ಉಳಿದವರು ಸುಮ್ಮನಿರುತ್ತಾರೆಯೇ? ಕಿಟಕಿ, ಕಂಬ ಒಂದೊಂದಾಗಿ ಗಾಡಿ ಹತ್ತುತ್ತವೆ, ಗೋದಾಮು ಮತ್ತೆ ಬರೀ ಗೋದಾಮಾಗುತ್ತದೆ.

"ಏನ್ ತಪ್ಪಾತ್ರಿ ಅಜ್ಜಿ?"

"ಮುಂಜಾನಿಂದ ನೋಡಾಕತ್ತೇನಿ. ಎಲ್ಲಾರೂ ಹೊರಗ ಹೊಂಟಾರ, ಒಬ್ಬರರೆ ಒಳಗ ಬರವಲ್ರು. ಈ ಹೊಸ್ತಲಾ ದಾಟಿ ಹೋಗಿ ತಿರುಗಿ ಬರದಾವ್ರು ಅಂದ್ರ ನಮ್ಮ ಮನ್ಯಾಗ ಸತ್ತಾವ್ರಷ್ಟ. ಇವನ ಅಪ್ಪನೂ ಹಂಗ ಹ್ವಾದ."

ಶೈಲಾ ಮಂಡಿಯೂರಿ ಬಾಣಗಳನ್ನು ಉಗುರಿನಿಂದ ಕೀಳತೊಡಗಿದಳು. ಕಿತ್ತದ್ದನ್ನು ತಿರುಗಿಸಿ ಅಂಟಿಸಿದಳು. ಮುಂದಿನ ಗೇಟನ್ನು ಹೊರಹೋಗುವವರಿಗಷ್ಟೇ ಬಿಟ್ಟು, ಒಳಗೆ ಬರುವ ದಾರಿ ಹಿಂದಿನಿಂದ ಎಂದು ಬರೆಸಿ ಅದಕ್ಕೆ ತೂಗುಹಾಕಿಸಿದಳು. ಇನ್ನು ಇತಿಹಾಸ ಸ್ಲ್ಯಾಬಿನಿಂದ ಶುರುವಾಗಿ ಮಣ್ಣಿಗೆ ಹೋಗಿ ಮುಟ್ಟುತ್ತದೆ. ಪಂಡಿತರು ಬೇಕಾದರೆ ಬೈದುಕೊಳ್ಳಲಿ.

ಆಮೇಲೆ ಕಸ್ತೂರೆವ್ವನ ಕೈಹಿಡಿದು ಬಾಗಿಲಾಚೆ ಕರೆದೊಯ್ದಳು. "ಈಗ ಬರ್ರಿ."

ಮುದುಕಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬಲಗಾಲಿಟ್ಟು ಒಳಬಂದಳು, ಚೌಕಟ್ಟನ್ನು ಮೇಲಿಂದ ಕೆಳಗೆ ನೋಡಿದಳು. ಎಲ್ಲಿ ಮತ್ತೆ ಟ್ರ್ಯಾಕ್ಟರಿನ ಮಾತೆತ್ತುತ್ತಾಳೋ ಎಂದು ಶೈಲಾಳಿಗೆ ಜೀವದಲ್ಲಿ ಜೀವವಿರಲಿಲ್ಲ.

ಅಷ್ಟರಲ್ಲಿ ಬೋರಗಾಂವದಿಂದ ಬಂದ ಹೆಂಗಸರ ಗುಂಪೊಂದು ಹಿಂದಿನ ದಾರಿ ಹಿಡಿದು ಬಂದು, ಹೊಸ್ತಿಲ ಹೊರಗೆ ಅನುಮಾನಿಸುತ್ತ ನಿಂತಿತು. ಕಸ್ತೂರೆವ್ವ ಸೆರಗು ಸರಿಮಾಡಿಕೊಂಡಳು.

"ಯಾಕ್ ಹೊರಗ ನಿಂತೀರಿ? ಬರ್ರಿ, ಒಳಗ ಬರ್ರಿ."

ಶೈಲಾ ಹಗುರಾಗಿ, ಇದ್ದಲ್ಲೇ ನೆಲಕ್ಕೆ ಕೂತುಬಿಟ್ಟಳು. ಅಳು, ನಗು ಎರಡೂ ಒಟ್ಟಿಗೆ ಬಂದವು.

ಕಸ್ತೂರೆವ್ವ ತಿರುಗಿ ನೋಡಿದಳು. "ಏ ತಂಗಿ, ಕುಂತೀ ಯಾಕ? ಮನಿಗಿ ಮಂದಿ ಬಂದಾರ. ನೀರ್ ತುಗೊಂಬಾ."